ಕೆಳಗೆ ಅಂದರೆ ಎಲ್ಲಿ?

ಮಾರ್ಚ್ 3, ಸೋಮವಾರ

ಸೊಂಟ ಹಿಡಿದಿದೆ. ಮೂರು ಸೀಟಿನ ಸೋಫಾವನ್ನು ಒಬ್ಬಳೇ ಎತ್ತಲು ಹೋದದ್ದೇ ಇದಕ್ಕೆ ಕಾರಣ ಎಂದು ಅತ್ತೆ ತಿಳಿಸಿದ್ದಾರೆ. ಘಟನೆ ನಡೆದಾಗ ಅವರು ಸ್ಥಳದಲ್ಲಿರಲಿಲ್ಲ. ನಮ್ಮ ಕುಶನ್ ಅಂಗಡಿಯ ಹಿಂದಿನ ಮನೆಯಲ್ಲಿ ಗೊರಕೆ ಹೊಡೆಯುತ್ತಿದ್ದರು.

ಮೈದುನ ಟೀ ಕುಡಿಯಲು ಹೋಗಿದ್ದ. ನಮ್ಮವರು ವ್ಯಾನಿನಲ್ಲಿ ಯಾರದೋ ಮನೆ ಸಾಮಾನು ಇಳಿಸಲು ಹೋಗಿದ್ದರು. ಸೋಫಾದವರು ಬಾಗಿಲಲ್ಲಿ ನಿಂತು ಗಡಿಯಾರ ನೋಡುತ್ತಿದ್ದರು. ಒಂದು ತುದಿ ಎತ್ತಿದೆ. ಸೊಂಟದಲ್ಲಿ ಬಟ್ಟೆ ಹರಿದಂಥ ಸದ್ದು. ಹೊರಗೆ ಯಾರಿಗೂ ಕೇಳಲಿಲ್ಲವಂತೆ.

ಮಲಗಿಕೊಂಡು ಮಾಡಲು ಬೇರೆ ಕೆಲಸವಿಲ್ಲದೆ ಇದನ್ನು ಬರೆಯುತ್ತಿದ್ದೇನೆ. ಸೀಟಿನ ಅಳತೆಗೆ ಹಳೇ ಪೇಪರು ಕತ್ತರಿಸುವುದು ನನ್ನ ಕಸುಬು. ಕತ್ತರಿಸುವ ಮೊದಲು ಒಂದಕ್ಷರ ಬಿಡದೆ ಓದುವುದು ನನ್ನ ಚಟ. ಹಾಗಾಗಿ ಏನು ಬರೆದರೂ ವರದಿಯೇ ಆಗುತ್ತದೆ.

ತಿಂಗಳ ಕೊನೆಗೆ ಚಿತ್ರಮಂದಿರದ ಬಾಲ್ಕನಿ ಸೀಟುಗಳನ್ನು ಮುಗಿಸಿ ಕೊಡಬೇಕು. ಸೊಂಟಕ್ಕೆ ಎರಡು ದಿನ ರಜೆ ಮಂಜೂರಾಗಿದೆ. ಮಂಜೂರು ಮಾಡಿದವಳು ನಾನೇ.

ಮಾರ್ಚ್ 5, ಬುಧವಾರ

ನೋವು ಎರಡೂ ಕಾಲಿಗೆ ಇಳಿದಿದೆ. ಒಂದು ಕಾಲಾಗಿದ್ದರೆ ಇನ್ನೊಂದರ ಮೇಲೆ ಭಾರ ಹಾಕಬಹುದಿತ್ತು. ಮೂಲೆಯ ಕ್ಲಿನಿಕ್ಕಿಗೆ ಮೈದುನ ಕರೆದುಕೊಂಡು ಹೋದ. ಡಾಕ್ಟರು ಒಳ್ಳೆಯವರು. ಅವರ ಕುರ್ಚಿಗೆ ಸ್ಪಾಂಜು ಹಾಕಿಕೊಟ್ಟವಳು ನಾನೇ.

"ಜೋಮು ಏನಾದ್ರೂ ಇದೆಯಾಮ್ಮಾ?"

"ಇದೆ ಡಾಕ್ಟ್ರೇ."

"ಎಲ್ಲಿ?"

ಮೈದುನ ಪಕ್ಕದಲ್ಲೇ ಗೂಟದ ಹಾಗೆ ನಿಂತಿದ್ದ. "ಕೆಳಗೆ" ಎಂದೆ.

ಡಾಕ್ಟರು ಚಪ್ಪಲಿ ಬಿಚ್ಚಿಸಿ ಅಂಗಾಲಿಗೆ ಬೀಗದ ಕೈ ಎಳೆದರು, ಬೆರಳು ಚಿವುಟಿದರು. ಪಾದಗಳು ಮರ್ಯಾದೆಯಿಂದ ಉತ್ತರ ಕೊಟ್ಟವು.

"ಒಂದಕ್ಕೆ, ಎರಡಕ್ಕೆ ಎಲ್ಲಾ ಸರಿಯಾಗಿ ಹೋಗ್ತಿದೀರಾ?"

"ಹೋಗ್ತಿದೀನಿ."

ಸುಳ್ಳಲ್ಲ. ಹೋಗುತ್ತಲೇ ಇದ್ದೇನೆ. ಹೋದಷ್ಟು ಸಲ ಬರುತ್ತಿಲ್ಲ, ಅಷ್ಟೇ. ಅವರು ಹೋಗುವುದನ್ನು ಕೇಳಿದರು, ಬರುವುದನ್ನು ಕೇಳಲಿಲ್ಲ. ನೀರು ಕಡಿಮೆ ಕುಡಿದಿದ್ದೇನೆ, ಅದಕ್ಕೇ ಇರಬೇಕು.

ಮಾತ್ರೆ ಕೊಟ್ಟರು. "ಜೋಮು ಮೇಲಕ್ಕೆ ಹತ್ತಿದ್ರೆ ಒಂದು ಗಳಿಗೆನೂ ಕಾಯ್ಬೇಡಿ, ಬಂದ್ಬಿಡಿ" ಎಂದು ಎರಡು ಸಲ ಹೇಳಿದರು. ನನ್ನದು ಮೇಲಿನಿಂದಲೇ ಶುರು. ಹತ್ತುವ ಪ್ರಶ್ನೆಯೇ ಬರುವುದಿಲ್ಲ.

ಮಾರ್ಚ್ 7, ಶುಕ್ರವಾರ

ನೋವು ಇಳಿದಿದೆ. ಮಾತ್ರೆ ಕೆಲಸ ಮಾಡಿದೆ ಎಂದು ನಾನೇ ಘೋಷಿಸಿಕೊಂಡು ಕೆಲಸಕ್ಕೆ ಕೂತೆ. ಮೈದುನ ಮೂರು ದಿನದಲ್ಲಿ ಮಾಡಿಟ್ಟ ಸೀಟುಗಳನ್ನು ನೋಡಿದೆ. ಹೊಲಿಗೆ ಹಾವು ಹರಿದ ಹಾಗಿದೆ. ಎಲ್ಲ ಬಿಚ್ಚಿದೆ.

"ಅತ್ತಿಗೆ, ಕತ್ತಲಲ್ಲಿ ಸಿನಿಮಾ ನೋಡೋರು ಹೊಲಿಗೆ ನೋಡ್ತಾರಾ?"

"ಇಂಟರ್ವಲ್ಲಲ್ಲಿ ದೀಪ ಹಾಕ್ತಾರಪ್ಪಾ."

ಸ್ಪಾಂಜು ಎಷ್ಟು ಗಟ್ಟಿ ಎಂದು ನಾನು ಯಂತ್ರದಲ್ಲಿ ನೋಡುವವಳಲ್ಲ. ಮೇಲೆ ಕೂತು ಒಂದು ಸಲ ಅಲುಗಾಡಿದರೆ ಗೊತ್ತಾಗುತ್ತದೆ. ಇವತ್ತು ಗೊತ್ತಾಗಲಿಲ್ಲ. ನನಗೂ ಸೀಟಿಗೂ ನಡುವೆ ಯಾರೋ ದಪ್ಪ ಕಂಬಳಿ ಮಡಿಸಿಟ್ಟ ಹಾಗಿದೆ. ಮಾತ್ರೆಯ ಮಂಪರು ಇದ್ದೀತು.

ಬಚ್ಚಲಲ್ಲಿ ನಲ್ಲಿ ತಿರುಗಿಸಿಟ್ಟು ಕೂತೆ. ನೀರಿನ ಸದ್ದು ಕೇಳಿದರೆ ಬರುತ್ತದೆ ಎನ್ನುತ್ತಾರೆ. ಹೊರಗಿನಿಂದ ಅತ್ತೆ, "ಒಳಗೇನು ಬಾವಿ ತೋಡ್ತಿದೀಯೇನೇ?" ಎಂದು ಕೂಗಿದರು. ಅಂಗಡಿಯಲ್ಲಿ ಗಿರಾಕಿಗಳಿದ್ದರು. ಅತ್ತೆಗೆ ಕಿವಿ ಮಂದ, ಬಾಯಿ ಚುರುಕು. ಎಂಥ ಬ್ಯಾಗಿಗೂ ಜಿಪ್ಪು ಹಾಕುತ್ತೇನೆ, ಅತ್ತೆಯ ಬಾಯಿಗೆ ಮಾತ್ರ ಇದುವರೆಗೆ ಸೈಜು ಸಿಕ್ಕಿಲ್ಲ.

ಮಾರ್ಚ್ 8, ಶನಿವಾರ

ದೊಡ್ಡಾಸ್ಪತ್ರೆಯಲ್ಲಿದ್ದೇನೆ. ಇವತ್ತೇ ಸಂಜೆ ಆಪರೇಷನ್. ಇದನ್ನು ಖಚಿತಪಡಿಸಿದವರು ಬೆನ್ನುಮೂಳೆಯ ಸರ್ಜನ್. ಪೆನ್ನು ಸಿಸ್ಟರದ್ದು.

ಬೆಳಿಗ್ಗೆ ಬೆಂಚಿನಿಂದ ಎದ್ದು ಕತ್ತರಿ ತರಲು ನಡೆದೆ. ಬಾಗಿಲಲ್ಲಿ ಕೂತಿದ್ದ ಅತ್ತೆ, "ನಿಲ್ಲೇ!" ಎಂದರು.

"ಏನತ್ತೆ?"

"ನಿನ್ನ ಹಿಂದೆ ಮೊಳೆ ನೇತಾಡ್ತಿದೆ."

ಕೈ ಹಾಕಿ ನೋಡಿದೆ. ರೆಕ್ಸಿನ್ ಕೂರಿಸುವ ಗುಂಡು ತಲೆಯ ಮೊಳೆ. ಬಟ್ಟೆ ದಾಟಿ ಒಳಗೆ ಇಳಿದಿತ್ತು. ಕಿತ್ತೆ. ರಕ್ತ ಬಂತು, ನೋವು ಬರಲಿಲ್ಲ.

ಅತ್ತೆ ಎದ್ದು ಬಂದು ಎರಡು ಬೆರಳಲ್ಲಿ ಚಿವುಟಿದರು. "ಇಲ್ಲಿ ಗೊತ್ತಾಯ್ತಾ? ಇಲ್ಲಿ? ಲೇ, ಮೊಳೆ ಹೊಡೆದ್ರೂ ಗೊತ್ತಾಗದೆ ಇರೋದು ಕುರ್ಚಿಗೆ ಮಾತ್ರ ಕಣೇ. ನೀನು ಯಾವಾಗ ಕುರ್ಚಿ ಆದೆ?"

ಮೈದುನ ನಗಲು ಬಾಯಿ ತೆರೆದವನು ಮುಚ್ಚಿದ.

"ಒಂದಕ್ಕೆ ಯಾವಾಗ ಬಂತು?"

"ಹೋಗಿದ್ದೆ ಅತ್ತೆ, ಬೆಳಿಗ್ಗೆ."

"ಹೋಗಿದ್ದು ನಾನೂ ನೋಡಿದೆ. ಬಂತಾ ಅಂತ ಕೇಳ್ತಿರೋದು!"

ಅತ್ತೆ ಆಗಲೇ ಕ್ಲಿನಿಕ್ಕಿಗೆ ಎಳೆದುಕೊಂಡು ಹೋಗಿ ಎಲ್ಲ ಹೇಳಿದರು. ಡಾಕ್ಟರು ಕೈಯಲ್ಲಿದ್ದ ಟೀ ಲೋಟ ಕೆಳಗಿಟ್ಟರು. "ಅಮ್ಮಾ, ಮೊನ್ನೆ ಕೆಳಗೆ ಅಂದ್ರಲ್ಲ, ಕೆಳಗೆ ಅಂದ್ರೆ ಎಲ್ಲಿ?" ನಾನು ಗೋಡೆ ನೋಡಿದೆ. ಅತ್ತೆ ತಮ್ಮದನ್ನೇ ತಟ್ಟಿ ತೋರಿಸಿದರು. ಡಾಕ್ಟರು ದೊಡ್ಡಾಸ್ಪತ್ರೆಗೆ ಫೋನು ಮಾಡಿದರು.

ಇಲ್ಲಿ ಹೊಟ್ಟೆಯ ಮೇಲೆ ಲೋಳೆ ಹಚ್ಚಿ ಯಂತ್ರ ಆಡಿಸಿದರು. ಶೌಚಕ್ಕೆ ಹೋಗಿ ಬಂದ ಮೇಲೂ ಒಳಗೆ ಏಳುನೂರು ಮಿಲಿ ಮೂತ್ರ ನಿಂತಿದೆ. ಅಷ್ಟು ತುಂಬಿದ್ದು ನನಗೇ ಗೊತ್ತಿಲ್ಲ. ಪೈಪು ಹಾಕಿ ಚೀಲ ಕಟ್ಟಿದರು. ಆಮೇಲೆ ಗ್ಲೌಸು ತೊಟ್ಟು ಒಂದು ಪರೀಕ್ಷೆ ಮಾಡಿದರು. ಅದನ್ನು ಇಲ್ಲಿ ಬರೆಯುವುದಿಲ್ಲ. ಆಮೇಲೆ ಎಂಆರ್‌ಐ.

ಸರ್ಜನ್ ನನಗಿಂತ ಚಿಕ್ಕವರು, ಕೂದಲನ್ನು ಹಿಂದಕ್ಕೆ ಎಳೆದು ರಬ್ಬರ್ ಬ್ಯಾಂಡ್ ಹಾಕಿದ್ದಾರೆ. "ಇದಕ್ಕೆ ಕಾಡಾ ಈಕ್ವೈನಾ ಅಂತಾರೆ" ಎಂದರು.

"ಕಾಡಾ? ಯಾವ ಕಾಡು?" ಎಂದರು ಅತ್ತೆ.

"ಕಾಡಲ್ಲ ಅಜ್ಜಿ, ಬಾಲ. ಕುದುರೆ ಬಾಲ." ತಮ್ಮ ಜುಟ್ಟು ಹಿಡಿದು ತೋರಿಸಿದರು. ಬೆನ್ನುಹುರಿ ಮುಗಿದ ಮೇಲೆ ನರಗಳು ಹೀಗೇ ಗೊಂಚಲಾಗಿ ಇಳಿಯುತ್ತವಂತೆ. ಕಾಲಿಗೆ ಕೆಲವು, ಮೂತ್ರಕೋಶಕ್ಕೆ ಕೆಲವು, ಕೂರುವ ಜಾಗಕ್ಕೆ ಕೆಲವು. ಎರಡು ಮೂಳೆಗಳ ನಡುವಿನ ಮೆತ್ತೆ ಒಡೆದು ಹಿಂದಕ್ಕೆ ನುಗ್ಗಿ ಇಡೀ ಗೊಂಚಲನ್ನು ಅದುಮಿದೆ. ನನಗೆ ತಕ್ಷಣ ಅರ್ಥವಾಯಿತು. ರೆಕ್ಸಿನ್ ಹರಿದು ಸ್ಪಾಂಜು ಹೊರಗೆ ಬಂದಿದೆ.

"ಸೋಮವಾರ ಮಾಡಿದ್ರೆ ಆಗಲ್ವಾ ಡಾಕ್ಟ್ರೇ? ಸೀಟು ಅರ್ಧಕ್ಕೆ ನಿಂತಿದೆ."

"ಬರೀ ಕಾಲು ನೋವಾಗಿದ್ರೆ ಕಾಯಬಹುದಿತ್ತು. ಈ ನರಗಳು ಕಾಯೋದಿಲ್ಲ. ತುಂಬಾ ಹೊತ್ತು ಅದುಮಿಟ್ರೆ, ಆಮೇಲೆ ಬಿಟ್ರೂ ಏಳೋದಿಲ್ಲ."

"ಇವತ್ತು ಬಿಟ್ರೆ ಏಳ್ತವಾ?"

"ಗೊತ್ತಿಲ್ಲ. ಒತ್ತಡ ತೆಗೆಯೋದು ನನ್ನ ಕೈಲಿದೆ. ಏಳೋದು ಅವುಗಳ ಕೈಲಿ."

ನಮ್ಮವರು ವ್ಯಾನು ಎಲ್ಲೋ ಬಿಟ್ಟು ಓಡಿ ಬಂದರು. ನನ್ನ ಚಪ್ಪಲಿ ಎತ್ತಿಕೊಂಡು ನಿಂತಿದ್ದಾರೆ. ಸಿಸ್ಟರು ಪೆನ್ನು ಕೇಳುತ್ತಿದ್ದಾರೆ.

ಮಾರ್ಚ್ 10, ಸೋಮವಾರ

ಆಪರೇಷನ್ ಆಗಿದೆ. ನುಗ್ಗಿದ್ದನ್ನು ತೆಗೆದಿದ್ದಾರೆ. ಕಾಲುಗಳ ನೋವು ಮಾಯ. ಕೂರುವ ಜಾಗದ ಸುದ್ದಿ ಇನ್ನೂ ಬಂದಿಲ್ಲ.

ಮಾರ್ಚ್ 12, ಬುಧವಾರ

ಗಾಲಿಯ ವಾಕರ್ ಹಿಡಿದು ವಾರ್ಡಿನ ಕೊನೆಯ ಕಿಟಕಿಯವರೆಗೆ ನಡೆದೆ. ಕಿಟಕಿಯಿಂದ ಪಾರ್ಕಿಂಗ್ ಕಾಣುತ್ತದೆ. ನಮ್ಮವರು ವ್ಯಾನಿನಲ್ಲಿ ಕೂತು ಅಳುತ್ತಿದ್ದ ಹಾಗೆ ಕಂಡಿತು. ಮೇಲೆ ಬಂದಾಗ ಕೇಳಿದೆ. ಧೂಳು ಎಂದರು. ವ್ಯಾನಿನ ಕಿಟಕಿ ಗಾಜು ಏರಿಸಿತ್ತು.

ಅತ್ತೆ ಹಗಲೆಲ್ಲ ಇಲ್ಲೇ ಇರುತ್ತಾರೆ. ಬಾಗಿಲಲ್ಲಿ ಕಾಲಿಡುತ್ತಲೇ, "ಎರಡಕ್ಕೆ ಆಯ್ತೇನೇ?" ಎನ್ನುತ್ತಾರೆ. ಹನ್ನೆರಡು ಹಾಸಿಗೆಯ ವಾರ್ಡು. ಎದುರಿನ ಹಾಸಿಗೆಯವರು, "ಇಲ್ಲ ಅಜ್ಜಿ, ಇನ್ನೂ ಇಲ್ಲ" ಎಂದು ನನ್ನ ಪರವಾಗಿ ಹೇಳಿಕೆ ಕೊಡುತ್ತಾರೆ. ಭೂಮಿ ಬಾಯಿ ಬಿಡಬಾರದೇ ಅನ್ನಿಸುತ್ತದೆ. ಬಿಟ್ಟರೂ ನಾನು ಬಗ್ಗುವ ಹಾಗಿಲ್ಲ.

ಮಾರ್ಚ್ 14, ಶುಕ್ರವಾರ

ಬೆಳಿಗ್ಗೆ ಪೈಪು ತೆಗೆದರು. ಮಧ್ಯಾಹ್ನದವರೆಗೆ ಕಾದರು. ಬರಲಿಲ್ಲ. ಮತ್ತೆ ಹಾಕಿದರು.

ಮಾರ್ಚ್ 17, ಸೋಮವಾರ

ಮನೆಗೆ ಹೋಗಬೇಕಾದರೆ ಒಂದು ವಿದ್ಯೆ ಕಲಿಯಬೇಕು ಎಂದು ಮೂತ್ರ ವಿಭಾಗದ ಸಿಸ್ಟರು ತಿಳಿಸಿದರು. ಕಾಯಂ ಪೈಪು ಇರುವುದಿಲ್ಲ. ದಿನಕ್ಕೆ ನಾಲ್ಕಾರು ಸಲ ತೆಳ್ಳನೆಯ ಪೈಪನ್ನು ನಾನೇ ಹಾಕಿ, ಖಾಲಿ ಮಾಡಿ, ತೆಗೆಯಬೇಕು. ಒಳಗೆ ನಿಂತರೆ ಸೋಂಕು, ಉಕ್ಕಿದರೆ ಕಿಡ್ನಿಗೆ ಏಟು.

"ಸೂಜಿಗೆ ದಾರ ಹಾಕೋರು ನೀವು, ನಿಮಗೆ ಸುಲಭ" ಎಂದರು ಸಿಸ್ಟರು.

ಸೂಜಿಯ ಕಣ್ಣು ಕಣ್ಣೆದುರಿಗಿರುತ್ತದೆ. ಇದು ಹಾಗಲ್ಲ. ಕನ್ನಡಿ ಬೇಕು. ಕನ್ನಡಿ ಜಾರುತ್ತದೆ. ಮೂರು ಸಲ ತಪ್ಪಿತು. ಪರದೆಯಾಚೆಯಿಂದ ಅತ್ತೆ, "ನಾನು ಹಿಡೀಲಾ?" ಎಂದರು. ಬೇಡ ಎಂದೆ. ನಾಲ್ಕನೆಯ ಸಲವೂ ತಪ್ಪಿತು.

ಅತ್ತೆ ಕನ್ನಡಿ ಹಿಡಿದರು. ಹತ್ತೊಂಬತ್ತು ವರ್ಷದ ಸೊಸೆತನದಲ್ಲಿ ಅವರೆದುರು ತಲೆ ಬಾಚಿದವಳೂ ಅಲ್ಲ ನಾನು.

"ಸ್ವಲ್ಪ ಮೇಲೆ. ಹ್ಞಾಂ. ಅದಲ್ಲ ಕಣೇ, ಅದರ ಮೇಲಿಂದು. ಗುರಿ ಇಟ್ಟು ಹೊಡಿ."

"ನಗಿಸಬೇಡಿ ಅತ್ತೆ, ಹೊಲಿಗೆ ಎಳೆಯುತ್ತೆ."

"ಬಂತು ನೋಡು!"

ಪಾತ್ರೆಯಲ್ಲಿ ಸದ್ದಾಯಿತು. ಎದುರಿನ ಹಾಸಿಗೆಯವರು ಪರದೆಯಾಚೆ ಚಪ್ಪಾಳೆ ತಟ್ಟಿದರು.

ಏಪ್ರಿಲ್ 1, ಮಂಗಳವಾರ

ಮನೆಯಲ್ಲಿದ್ದೇನೆ. ಚಿತ್ರಮಂದಿರದವರು ಇನ್ನೂ ಒಂದು ತಿಂಗಳು ಅವಧಿ ಕೊಟ್ಟಿದ್ದಾರೆ ಎಂದು ಮೈದುನ ವರದಿ ಮಾಡಿದ. ಬಗ್ಗಬಾರದು, ಎತ್ತಬಾರದು, ಹೊರಳಬಾರದು. ಬೈಯಬಹುದು.

ಮುಗಿದ ಸೀಟಿನ ಮೇಲೆ ಅಭ್ಯಾಸಬಲದಿಂದ ಕೂತೆ. ಮೆತ್ತಗೋ ಗಟ್ಟಿಯೋ, ಏನೂ ತಿಳಿಯಲಿಲ್ಲ. ಹಲಗೆಯ ಮೇಲೆ ಕೂತು ನೋಡಿದೆ. ಅದೂ ಅಷ್ಟೇ. ಕೈ ಹೇಳುತ್ತದೆ, ಕಣ್ಣು ಹೇಳುತ್ತದೆ, ಕೂತ ಜಾಗ ಮಾತ್ರ ಬಾಯಿ ಬಿಡುವುದಿಲ್ಲ. ಹೀಗೇ ಉಳಿದರೆ ನಾನು ಕುಶನ್ ಅಂಗಡಿಯಲ್ಲಿ ಏನು?

ಅತ್ತೆ ಬಂದು ಅದೇ ಸೀಟಿನ ಮೇಲೆ ಕೂತರು, ಅಲುಗಾಡಿದರು.

"ಮುಂದೆ ಮೆತ್ತಗಿದೆ. ಹಿಂದೆ ಕಲ್ಲು. ಯಾವನು ಮಾಡಿದ್ದು?"

"ನಾನೇ ಅಮ್ಮಾ" ಎಂದ ಮೈದುನ.

"ಬಿಚ್ಚು."

ಅಳತೆ ಹೇಳಿಕೊಟ್ಟೆ. ಅವನು ಹೊಲಿದ. ಹಾವು ಈಗ ಹೆಚ್ಚು ಕಡಿಮೆ ನೆಟ್ಟಗೆ ಹರಿಯುತ್ತಿದೆ. ಬಿಚ್ಚಿಸಲಿಲ್ಲ.

ಏಪ್ರಿಲ್ 22, ಮಂಗಳವಾರ

ಸರ್ಜನ್ ತಪಾಸಣೆ. ಹತ್ತಿಯಲ್ಲಿ ಸವರಿದರು, ಮೊಂಡು ಪಿನ್ನು ಒತ್ತಿದರು, ಗುದದ್ವಾರಕ್ಕೆ ಬೆರಳು ಹಾಕಿ "ಬಿಗಿ ಹಿಡೀರಿ" ಎಂದರು. ಹಿಡಿದೆ. "ಕಳೆದ ತಿಂಗಳಿಗಿಂತ ವಾಸಿ" ಎಂದರು. ಎಡಗಡೆ ಪಿನ್ನು ಗೊತ್ತಾಗುತ್ತದೆ. ಬಲಗಡೆ ಇಲ್ಲ. ನಡುವೆ ಅಲ್ಲಲ್ಲಿ. ಮೂತ್ರ ತಾನಾಗಿ ಬರುತ್ತಿಲ್ಲ. ಮಲ ದಿನಾ ಒಂದೇ ಹೊತ್ತಿಗೆ ಕೂತು, ಔಷಧಿ ಹಾಕಿದರೆ ಆಗುತ್ತದೆ. ಹಾಗೆಯೇ ಹೇಳಿದೆ.

"ನರ ಚಿಗುರೋದಕ್ಕೆ ತಿಂಗಳುಗಟ್ಟಲೆ ಬೇಕು. ವರ್ಷ, ಎರಡು ವರ್ಷನೂ ಆಗಬಹುದು. ಪೂರ್ತಿ ಬರುತ್ತೆ ಅಂತ ನಾನು ಮಾತು ಕೊಡೋದಿಲ್ಲ."

"ಎಲ್ಲಿವರೆಗೆ ಬರುತ್ತೆ?"

"ಬಂದಷ್ಟು ಬರುತ್ತೆ. ಇನ್ನೂ ಒಂದು ಕೇಳ್ತೀನಿ, ಗಂಡ ಹೆಂಡತಿ ವಿಷಯ..."

ನಮ್ಮವರು ಕಿಟಕಿಯ ಹೊರಗೆ ಪಾರ್ಕಿಂಗ್ ನೋಡತೊಡಗಿದರು. ಸ್ಪರ್ಶ ತಿಳಿಯುವುದಿಲ್ಲ, ಹೆದರಿಕೆಯಿಂದ ಇಬ್ಬರೂ ದೂರವೇ ಇದ್ದೇವೆ ಎಂದೆ. ಹೆದರುವಂಥದ್ದಿಲ್ಲ, ನಿಧಾನ ಇರಲಿ, ಅದಕ್ಕೂ ಸಲಹೆ ಕೊಡುವವರಿದ್ದಾರೆ ಎಂದರು ಡಾಕ್ಟರು. ವ್ಯಾನಿನಲ್ಲಿ ನಮ್ಮವರು, "ಅಷ್ಟೆಲ್ಲಾ ಹೇಳ್ಬೇಕಿತ್ತೇನೇ?" ಎಂದರು.

"ಕೇಳಿದ್ರಲ್ಲ ರೀ. ಹೇಳದೆ ಅವರಿಗೆ ಹೇಗೆ ಗೊತ್ತಾಗಬೇಕು?"

ರಸ್ತೆಯ ಉಬ್ಬಿನಲ್ಲಿ ವ್ಯಾನು ಎಗರಿತು, ಮೂತ್ರ ಸೋರಿ ಸೀಟು ಒದ್ದೆಯಾಯಿತು. "ರೆಕ್ಸಿನ್ ಹಾಕ್ಸಿದ್ದು ಒಳ್ಳೇದಾಯ್ತು" ಎಂದರು ನಮ್ಮವರು. ಮನೆ ತಲುಪುವವರೆಗೂ ನಕ್ಕೆವು. ಇಳಿದು ಅವರೇ ಒರೆಸಿದರು.

ಮೇ 13, ಮಂಗಳವಾರ

ದೊಡ್ಡಾಸ್ಪತ್ರೆಯ ವ್ಯಾಯಾಮದ ವಿಭಾಗದಲ್ಲಿ ಸರದಿಗೆ ಕೂತಿದ್ದೆ. ಪಕ್ಕದಲ್ಲಿ ಒಬ್ಬ ಕಟ್ಟುಮಸ್ತು ಗಾರೆ ಕೆಲಸದವರು, ಸೊಂಟ ಹಿಡಿದುಕೊಂಡು, ಹೆಂಡತಿಯೊಂದಿಗೆ. ಕೌಂಟರಿನ ಹುಡುಗಿ ಏನು ತೊಂದರೆ ಎಂದಾಗ ಆತ, "ಸೊಂಟ ನೋವು, ಕೆಳಗೆ ಜೋಮು" ಎಂದರು.

"ಕೆಳಗೆ ಅಂದ್ರೆ ಎಲ್ಲಿ?" ಎಂದೆ.

ಆತ ತಿರುಗಿ ನೋಡಿದರು.

"ಕೂರೋ ಜಾಗದಲ್ಲಾ? ತೊಡೆ ಸಂದಿಯಲ್ಲಾ? ಮೂತ್ರ ಬರ್ತಿದೆಯಾ? ಹೋಗೋದಲ್ಲ ನಾನು ಕೇಳ್ತಿರೋದು, ಬರೋದು. ಹಿಂದೆ ಒರೆಸಿಕೊಂಡಾಗ ಗೊತ್ತಾಗುತ್ತಾ?"

ಆತನ ಮುಖ ಇಟ್ಟಿಗೆ ಬಣ್ಣಕ್ಕೆ ತಿರುಗಿತು. ಚಪ್ಪಲಿ ಬಿಚ್ಚಿ ಕಾಲೆತ್ತಿ ಹಿಡಿದು, "ಪಾದದಲ್ಲಮ್ಮಾ! ಇದು! ಹೆಬ್ಬೆರಳು!" ಎಂದರು. ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು.

"ಹೆಬ್ಬೆರಳಾದ್ರೆ ಸರಿ. ಬೇರೆ ಕಡೆ ಶುರುವಾದ್ರೆ ಇಲ್ಲಿ ಕೂರಬೇಡಿ, ಸೀದಾ ಎಮರ್ಜೆನ್ಸಿಗೆ ಓಡಿ" ಎಂದೆ. ಕೌಂಟರಿನ ಹುಡುಗಿ ನನ್ನನ್ನೇ ನೋಡುತ್ತಿದ್ದಳು. ಕೇಳಬಾರದ್ದೇನು ಕೇಳಿದೆ ಎಂದು ತಿಳಿಯಲಿಲ್ಲ.

ವ್ಯಾಯಾಮದ ಮೇಡಂ ಇವತ್ತು ಹೊಸದೊಂದು ಕೊಟ್ಟರು. ಕೆಳಗಿನ ಸ್ನಾಯು ಬಿಗಿ ಹಿಡಿದು ಬಿಡುವುದು. ಬಸ್ಸಿನಲ್ಲಿ, ಅಂಗಡಿಯಲ್ಲಿ, ಎಲ್ಲಿ ಬೇಕಾದರೂ ಮಾಡಬಹುದು, ಯಾರಿಗೂ ತಿಳಿಯುವುದಿಲ್ಲವಂತೆ. ಅತ್ತೆಗೆ ತಿಳಿಯುತ್ತದೆ. "ಮುಖ ಯಾಕೆ ಹಾಗೆ ಮಾಡ್ತೀಯೇ?" ಎನ್ನುತ್ತಾರೆ.

ಮೇ 29, ಗುರುವಾರ

ಬಾಲ್ಕನಿ ಸೀಟುಗಳು ಹೋದವು. ಗಡುವು ಮೀರಿತ್ತು. ಕೂತು ನೋಡಿದವರು ಅತ್ತೆ, ಹೊಲಿದವನು ಮೈದುನ, ಸಾಗಿಸಿದವರು ನಮ್ಮವರು. ನನ್ನ ಪಾಲು ಬೈಗುಳ. ಬಲಗಡೆ ಜೋಮು ಹಾಗೇ ಇದೆ. ಮೂತ್ರ ತಾನಾಗಿ ಬರುತ್ತಿಲ್ಲ. ಎಷ್ಟೋ ಜನಕ್ಕೆ ಬರುವುದೇ ಇಲ್ಲ ಎಂದು ಸಿಸ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ಪೈಪಿನೊಂದಿಗೆ ಬಾಳುವವರು ಕಾರು ಓಡಿಸುತ್ತಾರೆ, ಬೆಟ್ಟ ಹತ್ತುತ್ತಾರೆ ಎಂದೂ ಹೇಳಿದರು. ನನಗೆ ಬೆಟ್ಟ ಮೊದಲೂ ಬೇಕಿರಲಿಲ್ಲ.

ಇವತ್ತು ಇಷ್ಟೇ.

ಜೂನ್ 10, ಮಂಗಳವಾರ

ಮೂತ್ರ ಬಂದಿದೆ. ಪೈಪಿಲ್ಲದೆ, ತಾನಾಗಿ. ಪ್ರತ್ಯಕ್ಷದರ್ಶಿ ನಾನೊಬ್ಬಳೇ. ಸದ್ದು ಕೇಳಿದ್ದಾಗಿ ಅತ್ತೆ ಹೇಳಿಕೊಳ್ಳುತ್ತಿದ್ದಾರೆ. ಅವರ ಕಿವಿಯ ಮಟ್ಟಿಗೆ ಅದು ನಂಬುವ ಮಾತಲ್ಲ.

ಊಟದ ನಂತರ ಒಂದು ಕುರ್ಚಿಗೆ ಪಟ್ಟಿ ಬಿಗಿಯುತ್ತಿದ್ದೆ. ಕಿಬ್ಬೊಟ್ಟೆಯಲ್ಲಿ ಏನೋ ಭಾರ. ಗಡಿಯಾರ ನೋಡಿದೆ, ಪೈಪಿನ ಹೊತ್ತಾಗಿರಲಿಲ್ಲ. ಆದರೂ ಅಳತೆಯ ಪಾತ್ರೆ ಹಿಡಿದು ಹೋಗಿ ಕೂತೆ. ಮೇಡಂ ಹೇಳಿಕೊಟ್ಟ ಹಾಗೆ ಬಿಗಿ ಹಿಡಿದು, ಬಿಟ್ಟು, ಮುಂದಕ್ಕೆ ಬಾಗಿ ಕಾದೆ. ಮೊದಲು ಹನಿ, ಆಮೇಲೆ ಎಳೆ. ನಿಂತಿತು, ಮತ್ತೆ ಬಂತು.

ಬಾಗಿಲು ಪೂರ್ತಿ ತೆರೆಯುವ ಮೊದಲೇ, "ಅತ್ತೇ, ಒಂದಕ್ಕೆ ಬಂತು!" ಎಂದು ಕೂಗಿದೆ. ಅಂಗಡಿಯಲ್ಲಿ ಮೈದುನ, ಒಬ್ಬ ಪೋಸ್ಟ್‌ಮನ್, ಸೋಫಾ ಬಟ್ಟೆ ಆರಿಸುತ್ತಿದ್ದ ಅಕ್ಕ ತಂಗಿಯರು ಇದ್ದರಂತೆ. "ಎಷ್ಟು?" ಎಂದು ಅತ್ತೆ ತಿರುಗಿ ಕೂಗಿದರು. ನಮ್ಮವರಿಗೆ ಫೋನು ಮಾಡಿದೆ. ಅವರ ಕಡೆ ವಾಹನಗಳ ಹಾರ್ನು ಕೇಳುತ್ತಿತ್ತು. ಆಮೇಲೆ ಮೂಗು ಎಳೆದದ್ದು ಕೇಳಿತು. "ಧೂಳಾ ರೀ?" ಎಂದೆ. "ಹ್ಞೂಂ" ಎಂದರು.

ಆಮೇಲೆ ಪೈಪು ಹಾಕಿ ನೋಡಿದೆ. ಇನ್ನೂರೈವತ್ತು ಮಿಲಿ ಒಳಗೆ ಉಳಿದಿತ್ತು. ಹೊರಬಂದದ್ದಕ್ಕಿಂತ ಹೆಚ್ಚು. ಸಿಸ್ಟರಿಗೆ ಫೋನಿನಲ್ಲಿ ಎರಡೂ ಅಂಕಿ ಹೇಳಿದೆ. ಶುರುವಾದದ್ದು ಒಳ್ಳೆಯದು, ಪೈಪು ಬಿಡುವಷ್ಟಲ್ಲ, ಬಿಡುವಷ್ಟು ಆಗುತ್ತದೋ ಇಲ್ಲವೋ ಈಗಲೇ ಹೇಳಲಾಗದು ಎಂದರು. ಸಂಜೆ ಮತ್ತೆ ಹೋಗಿ ಕೂತೆ, ಏನೂ ಇಲ್ಲ. ಪೈಪು ಹಾಕಿದೆ. ಈಗ ಕನ್ನಡಿ ಬೇಕಾಗುವುದಿಲ್ಲ.

ಗುರುವಾರ ಬೆಳಿಗ್ಗೆ ಮೂತ್ರ ವಿಭಾಗದಲ್ಲಿ ಸ್ಕ್ಯಾನ್. ಎರಡು ಲೋಟ ನೀರು ಕುಡಿದು ಹೋಗಬೇಕು. ಅತ್ತೆ ಜೊತೆಗೆ ಬರುತ್ತಾರೆ.